ಶಸ್ತ್ರಚಿಕಿತ್ಸೆಗೆ ಮುನ್ನ ಪಥ್ಯ: ತೂಕ ಇಳಿಸುವ ಆಪರೇಷನ್ನಿಗೆ ದೇಹವನ್ನು ಅಣಿಗೊಳಿಸುವ ಬಗೆ

ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯುವ, ಜನರ ಮಾತಿನಲ್ಲಿ ತೂಕ ಇಳಿಸುವ ಆಪರೇಷನ್ ಎಂದೇ ಹೆಸರಾಗಿರುವ ಚಿಕಿತ್ಸೆಯಲ್ಲಿ ಮೈಮೇಲಿನ ಕೊಬ್ಬನ್ನು ಯಾರೂ ಕತ್ತರಿಸಿ ತೆಗೆಯುವುದಿಲ್ಲ. ಅಲ್ಲಿ ಜಠರದ ಗಾತ್ರವನ್ನು ಕುಗ್ಗಿಸಲಾಗುತ್ತದೆ, ಕೆಲವು ವಿಧಾನಗಳಲ್ಲಿ ಸಣ್ಣ ಕರುಳಿನ ಹಾದಿಯನ್ನೂ ಬದಲಿಸಲಾಗುತ್ತದೆ. ಇದರಿಂದ ಹಸಿವು, ತೃಪ್ತಿ ಮತ್ತು ರಕ್ತದ ಸಕ್ಕರೆಯ ಮಟ್ಟವನ್ನು ನಿಯಂತ್ರಿಸುವ ಹಾರ್ಮೋನುಗಳ ನಡೆ ಬದಲಾಗಿ, ಮುಂದಿನ ತಿಂಗಳುಗಳಲ್ಲಿ ತೂಕ ತಾನಾಗಿ ಇಳಿಯತೊಡಗುತ್ತದೆ. ಈ ಚಿಕಿತ್ಸೆಯ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಆಪರೇಷನ್ನಿನ ನಂತರದ ಕಥೆಯನ್ನು ಹೇಳುತ್ತವೆ. ಆದರೆ ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ರೋಗಿ ಏನನ್ನು ಉಣ್ಣುತ್ತಾರೆ, ಏನನ್ನು ಬಿಡುತ್ತಾರೆ ಎಂಬುದು ಶಸ್ತ್ರವೈದ್ಯರ ಕೆಲಸವನ್ನು ಸುಗಮವೂ ಮಾಡಬಲ್ಲದು, ಕಠಿಣವೂ ಮಾಡಬಲ್ಲದು. ಬಾಣಂತಿಗೂ ಜ್ವರದಿಂದ ಎದ್ದವರಿಗೂ ಪಥ್ಯವನ್ನು ವಿಧಿಸುತ್ತ ಬಂದ ಕನ್ನಡದ ಮನೆಗಳಿಗೆ ಆಹಾರವೇ ಚಿಕಿತ್ಸೆಯ ಭಾಗವೆಂಬ ವಿಚಾರ ಹೊಸದಲ್ಲ. ಇಲ್ಲಿ ಪಥ್ಯವು ಚಿಕಿತ್ಸೆಯ ಹಿಂದೆ ಬರುವ ಬದಲು ಅದಕ್ಕಿಂತ ಮುಂದೆ ನಡೆಯುತ್ತದೆ ಎಂಬುದಷ್ಟೇ ವಿಶೇಷ.

ರಾಜಧಾನಿಯ ಮೈಭಾರ

ಈ ಚಿಕಿತ್ಸೆಯ ಬೇಡಿಕೆ ದೆಹಲಿ ಮತ್ತು ಅದರ ಸುತ್ತಲಿನ ಗುರುಗ್ರಾಮ, ನೋಯ್ಡಾ, ಫರೀದಾಬಾದ್, ಗಾಜಿಯಾಬಾದ್ ನಗರಗಳಲ್ಲಿ ಏಕೆ ಹೆಚ್ಚು ಎಂಬುದನ್ನು ಅಂಕಿಅಂಶಗಳೇ ಹೇಳುತ್ತವೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೆಹಲಿಯ ಮಹಿಳೆಯರಲ್ಲಿ ಶೇ. 41.3ರಷ್ಟು ಮತ್ತು ಪುರುಷರಲ್ಲಿ ಶೇ. 38ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಇಡೀ ದೇಶದ ಪ್ರಮಾಣ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 22.9. ಕರ್ನಾಟಕದ ಪ್ರಮಾಣ ಈ ಎರಡರ ನಡುವೆ, ಶೇ. 30ರ ಆಸುಪಾಸಿನಲ್ಲಿದೆ. ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಏಮ್ಸ್‌ನಲ್ಲಿ ಈ ಶಸ್ತ್ರಚಿಕಿತ್ಸೆ ಹತ್ತು ವರ್ಷಗಳಿಗೂ ಮಿಗಿಲಾಗಿ ನಡೆಯುತ್ತಿದೆ. ಸಾಕೇತದ ಮ್ಯಾಕ್ಸ್, ರಾಜಿಂದರ್ ನಗರದ ಸರ್ ಗಂಗಾರಾಮ್, ಸರಿತಾ ವಿಹಾರದ ಇಂದ್ರಪ್ರಸ್ಥ ಅಪೋಲೊ, ಗುರುಗ್ರಾಮದ ಮೇದಾಂತ ಮೊದಲಾದ ಖಾಸಗಿ ಆಸ್ಪತ್ರೆಗಳಲ್ಲಿಯೂ ಇದಕ್ಕೆ ವ್ಯವಸ್ಥೆಯಿದೆ. ಅಂದಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು 2014ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದಾಗ, ಇದು ಮಧುಮೇಹದ ನಿಯಂತ್ರಣಕ್ಕೂ ಬಳಕೆಯಾಗುವ ಚಿಕಿತ್ಸೆ ಎಂಬ ಸಂಗತಿ ದೇಶದ ಸಾಮಾನ್ಯ ಓದುಗರಿಗೂ ತಿಳಿಯಿತು.

ಯಾರಿಗೆ ಈ ಚಿಕಿತ್ಸೆ ಎಂಬುದನ್ನು ನಿರ್ಧರಿಸಲು ವೈದ್ಯರು ಬಳಸುವ ಮೊದಲ ಅಳತೆ ದೇಹತೂಕ ಸೂಚ್ಯಂಕ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ಸಿಗುತ್ತದೆ, 1.65 ಮೀಟರ್ ಎತ್ತರದ, 100 ಕಿಲೋ ತೂಕದ ವ್ಯಕ್ತಿಯ ಸೂಚ್ಯಂಕ ಸುಮಾರು 36.7. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಒಳಭಾಗದಲ್ಲಿ ಶೇಖರವಾಗುವ ಪ್ರವೃತ್ತಿ ಹೆಚ್ಚಿದ್ದು, ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ, ದೆಹಲಿಯ ತಜ್ಞರ ಮುಂದಾಳತ್ವದಲ್ಲಿ 2009ರಲ್ಲಿ ಪ್ರಕಟವಾದ ಒಮ್ಮತದ ಹೇಳಿಕೆಯು ಭಾರತೀಯರಿಗೆ 25ರಿಂದಲೇ ಬೊಜ್ಜು ಎಂದು ಗುರುತಿಸಿ, ಸಹರೋಗಗಳಿದ್ದರೆ 32.5ರ ಮೇಲೆ, ಇಲ್ಲದಿದ್ದರೆ 37.5ರ ಮೇಲೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. ವಿಮೆಯ ಲೆಕ್ಕ ಇದಕ್ಕಿಂತ ಬಿಗಿಯಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪದ ಷರತ್ತುಗಳ ಪ್ರಕಾರ, ರೋಗಿಗೆ ಕನಿಷ್ಠ 18 ವರ್ಷವಾಗಿರಬೇಕು ಮತ್ತು ಸೂಚ್ಯಂಕ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಷ್ಟಿಲ್ಲದೆ 35 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹತೋಟಿಗೆ ಬಾರದ ಮಧುಮೇಹ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಅಥವಾ ಹೃದಯದ ಕಾಯಿಲೆಯಂಥ ಗಂಭೀರ ಸಮಸ್ಯೆ ಜೊತೆಗಿದ್ದು, ಸೌಮ್ಯ ಚಿಕಿತ್ಸೆಗಳು ವಿಫಲವಾಗಿರಬೇಕು. ಆದ್ದರಿಂದ ವೈದ್ಯರು ಅರ್ಹರೆಂದು ಹೇಳಿದವರೆಲ್ಲರಿಗೂ ವಿಮೆಯ ಹಣ ಸಿಗುತ್ತದೆ ಎಂದು ಭಾವಿಸದೆ, ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ವಿವೇಕ.

ಜಠರದ ಮೇಲೆ ಹೊದಿಕೆಯಾಗಿರುವ ಯಕೃತ್ತು

ಪಥ್ಯದ ಮೊದಲ ಗುರಿ ಯಕೃತ್ತು, ಅಂದರೆ ದಿನಬಳಕೆಯ ಮಾತಿನ ಲಿವರ್. ಹೊಟ್ಟೆಯ ಬಲಮೇಲ್ಭಾಗದಲ್ಲಿರುವ ಈ ಅಂಗದ ಎಡ ಹಾಲೆಯು ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಇಂದು ಈ ಶಸ್ತ್ರಚಿಕಿತ್ಸೆ ಬಹುಪಾಲು ಲ್ಯಾಪರೋಸ್ಕೋಪಿಯ ಮೂಲಕ, ಎಂದರೆ ಹೊಟ್ಟೆಯ ಮೇಲೆ ಕೆಲವು ಚಿಕ್ಕ ರಂಧ್ರಗಳನ್ನು ಮಾಡಿ, ಅವುಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆಗಳನ್ನು ಒಳಗಿಳಿಸಿ ನಡೆಯುತ್ತದೆ. ಜಠರದ ಮುಕ್ಕಾಲು ಭಾಗವನ್ನು ತೆಗೆದು ಉಳಿದುದನ್ನು ಕಿರಿದಾದ ಕೊಳವೆಯಂತೆ ಉಳಿಸುವ ಸ್ಲೀವ್ ವಿಧಾನವೇ ಆಗಲಿ, ಸುಮಾರು 30 ಮಿಲಿಲೀಟರಿನಷ್ಟು ಪುಟ್ಟ ಚೀಲವನ್ನು ರಚಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ ವಿಧಾನವೇ ಆಗಲಿ, ಶಸ್ತ್ರವೈದ್ಯರು ಮೊದಲು ಯಕೃತ್ತಿನ ಎಡ ಹಾಲೆಯನ್ನು ಮೆಲ್ಲನೆ ಮೇಲೆತ್ತಿ ಹಿಡಿಯಲೇಬೇಕು. ಬೊಜ್ಜಿರುವವರ ಪೈಕಿ ಬಹುಪಾಲು ಮಂದಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿರುವುದರಿಂದ ಅದು ಊದಿ ಭಾರವಾಗಿರುತ್ತದೆ. ಎತ್ತುವಾಗ ಸುಲಭವಾಗಿ ಗಾಯಗೊಂಡು ರಕ್ತ ಸೋರುವ ಅಪಾಯವಿರುತ್ತದೆ, ಅದರ ಹಿಂದಿನ ಜಠರವೂ ಸರಿಯಾಗಿ ಕಾಣುವುದಿಲ್ಲ.

ಈ ಅಂಗವನ್ನು ಕೆಲವೇ ದಿನಗಳಲ್ಲಿ ಕುಗ್ಗಿಸಲು ಸಾಧ್ಯವಾಗುವುದು ಅದರ ಉಗ್ರಾಣದ ಗುಣದಿಂದ. ಅನ್ನ, ರೊಟ್ಟಿ, ಸಕ್ಕರೆಗಳಿಂದ ಬಂದ ಗ್ಲೂಕೋಸನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ದಾಸ್ತಾನು ಸುಮಾರು 100 ಗ್ರಾಂ ಇದ್ದು, ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ತನ್ನೊಡನೆ ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ಮತ್ತು ಸಕ್ಕರೆಯ ಪೂರೈಕೆ ನಿಂತಾಗ ದೇಹವು ಮೊದಲು ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ನೀರು ಹೊರಹೋಗುತ್ತದೆ, ಬಳಿಕ ಯಕೃತ್ತಿನೊಳಗಿನ ಕೊಬ್ಬೂ ಕರಗತೊಡಗುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 32 ಮಂದಿಯನ್ನು ಹನ್ನೆರಡು ವಾರಗಳ ಕಾಲ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿಟ್ಟು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಕೃತ್ತಿನ ಗಾತ್ರದಲ್ಲಾದ ಒಟ್ಟು ಇಳಿಕೆಯ ಶೇ. 80ರಷ್ಟು ಮೊದಲ ಎರಡು ವಾರಗಳಲ್ಲಿಯೇ ಆಗಿದ್ದುದು ಕಂಡುಬಂತು. ಹಲವು ಆಸ್ಪತ್ರೆಗಳು ಈ ಪಥ್ಯಕ್ಕೆ ಎರಡು ವಾರಗಳ ಅವಧಿಯನ್ನು ಗೊತ್ತುಮಾಡಿರುವುದರ ಹಿಂದಿನ ತರ್ಕ ಇದೇ. ಯುರೋಪಿನ ಐದು ಕೇಂದ್ರಗಳಲ್ಲಿ 298 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಎರಡು ವಾರ ಪಥ್ಯ ಮಾಡಿದವರ ಶಸ್ತ್ರಚಿಕಿತ್ಸೆಗೆ ತಗುಲಿದ ಸಮಯದಲ್ಲಿ ವ್ಯತ್ಯಾಸವಾಗದಿದ್ದರೂ ಕೆಲಸ ಹಗುರವೆನಿಸಿತೆಂದು ಶಸ್ತ್ರವೈದ್ಯರು ಹೇಳಿದರು. ಮೂವತ್ತು ದಿನಗಳೊಳಗೆ ಕಾಣಿಸಿಕೊಂಡ ತೊಡಕುಗಳು ಪಥ್ಯ ಮಾಡಿದವರ ಗುಂಪಿನಲ್ಲಿ 8, ಮಾಡದವರ ಗುಂಪಿನಲ್ಲಿ 18 ಆಗಿದ್ದವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಮೊದಲು ತಿಂಗಳುಗಟ್ಟಲೆ ಡಯಟ್ ಮಾಡಿ ತೂಕ ಇಳಿಸಿ ತೋರಿಸಬೇಕೆಂದು ಅಮೆರಿಕದ ಕೆಲವು ವಿಮಾ ಕಂಪನಿಗಳು ವಿಧಿಸುತ್ತಿದ್ದ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಅಲ್ಲಿನ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘವೇ ಹೇಳಿದೆ, ಏಕೆಂದರೆ ಅದು ಅಗತ್ಯವಿರುವವರ ಚಿಕಿತ್ಸೆಯನ್ನು ತಡಮಾಡುತ್ತದೆ. ಎರಡು ವಾರಗಳ ಯಕೃತ್ತಿನ ಪಥ್ಯ ಅಂಥ ಅರ್ಹತಾ ಪರೀಕ್ಷೆಯಲ್ಲ. ಆ ಅವಧಿಯಲ್ಲಿ ತಕ್ಕಡಿ ತೋರಿಸುವ ಇಳಿಕೆಯಲ್ಲಿ ನೀರಿನ ಪಾಲು ದೊಡ್ಡದಾಗಿರುವುದರಿಂದ, ನಾಲ್ಕು ಕಿಲೋ ಇಳಿಯಿತೆಂದು ಹಿಗ್ಗುವುದಾಗಲಿ, ಎರಡೇ ಕಿಲೋ ಇಳಿಯಿತೆಂದು ಎದೆಗುಂದುವುದಾಗಲಿ ಅಗತ್ಯವಿಲ್ಲ.

ಪಥ್ಯವೆಂದರೆ ಉಪವಾಸವಲ್ಲ

ಆಸ್ಪತ್ರೆಯಿಂದ ಆಸ್ಪತ್ರೆಗೆ ಪಟ್ಟಿಯ ವಿವರಗಳು ಬದಲಾದರೂ ಅದರ ಚೌಕಟ್ಟು ಒಂದೇ: ದಿನಕ್ಕೆ ಸುಮಾರು 800ರಿಂದ 1,200 ಕ್ಯಾಲೊರಿ, ಅತಿ ಕಡಿಮೆ ಪಿಷ್ಟ ಮತ್ತು ಜಿಡ್ಡು, ಸಾಕಷ್ಟು ನೀರು, ಮತ್ತು ದಿನಕ್ಕೆ 60ರಿಂದ 80 ಗ್ರಾಮಿನಷ್ಟು ಪ್ರೋಟೀನ್. ಈ ಕೊನೆಯ ಅಂಶವೇ ಪಥ್ಯವನ್ನು ಉಪವಾಸದಿಂದ ಬೇರ್ಪಡಿಸುತ್ತದೆ. ಬರಿ ಹೊಟ್ಟೆಯಲ್ಲಿದ್ದರೂ ಯಕೃತ್ತು ಕುಗ್ಗುತ್ತದೆ ನಿಜ. ಆದರೆ ಆಗ ದೇಹವು ಸ್ನಾಯುಗಳನ್ನೇ ಕರಗಿಸಿಕೊಂಡು, ಗಾಯ ಮಾಯಲು ಬೇಕಾದ ಬಲವನ್ನು ಕಳೆದುಕೊಂಡು ಆಪರೇಷನ್ ಟೇಬಲ್ಲಿಗೆ ಬರುತ್ತದೆ. ಯಕೃತ್ತು ಚಿಕ್ಕದಾಗಬೇಕು, ದೇಹ ಗಟ್ಟಿಯಾಗಿಯೇ ಉಳಿಯಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸುವುದೇ ಈ ಪಥ್ಯದ ಜಾಣ್ಮೆ.

ಭಾರತದ ಅಡುಗೆಮನೆಯಲ್ಲಿ, ಅದರಲ್ಲೂ ಸಸ್ಯಾಹಾರಿ ಮನೆಗಳಲ್ಲಿ, ಇದು ಕೇಳಿದಷ್ಟು ಸುಲಭವಲ್ಲ. ಅರ್ಧ ಲೀಟರ್ ಟೋನ್ಡ್ ಹಾಲಿನಲ್ಲಿ ಸುಮಾರು 16 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಏಳೆಂಟು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ; ಆದರೆ ಪನೀರಿನ ಜೊತೆಗೆ ಕೊಬ್ಬು, ಬೇಳೆಯ ಜೊತೆಗೆ ಪಿಷ್ಟ ಬಂದೇ ಬರುತ್ತದೆ. ಸಾವಿರ ಕ್ಯಾಲೊರಿಯ ಮಿತಿಯೊಳಗೆ ಪ್ರೋಟೀನಿನ ಗುರಿ ಮುಟ್ಟುವುದು ಕಷ್ಟವಾದ್ದರಿಂದಲೇ ಆಹಾರತಜ್ಞರು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ನೀರಿಗೋ ಕೆನೆರಹಿತ ಹಾಲಿಗೋ ಬೆರೆಸಿ ಕುಡಿಯಲು ಸೂಚಿಸುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರೋಟೀನಿನ ಪ್ರಮಾಣವೇ ಬೇರೆಯಾಗಿರುವುದರಿಂದ ಈ ಪುಡಿಯನ್ನು ಅಂಗಡಿಯಿಂದ ತಾವಾಗಿಯೇ ತಂದು ಸೇವಿಸುವುದು ಸಲ್ಲದು.

ಪಥ್ಯದ ದಿನಗಳಲ್ಲಿ ಹೆಚ್ಚಾಗಿ ದ್ರವಾಹಾರವನ್ನೇ ಹೇಳುವುದರಿಂದ, ದ್ರವವಾಗಿರುವುದೆಲ್ಲ ಪಥ್ಯವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹಣ್ಣಿನ ರಸ, ಕಬ್ಬಿನ ಹಾಲು, ಸಿಹಿ ಲಸ್ಸಿಗಳು ಸಕ್ಕರೆಯ ನೀರೇ ಆಗಿದ್ದು ಯಕೃತ್ತಿನ ಉಗ್ರಾಣವನ್ನು ಮತ್ತೆ ತುಂಬಿಸುತ್ತವೆ. ದೆಹಲಿಯ ಮನೆಗಳಲ್ಲಿ ರೋಗಿಗೆ ಕೊಡುವ 'ದಾಲ್ ಕಾ ಪಾನಿ', ಕನ್ನಡಿಗರು ಹೋಳಿಗೆ ಸಾರಿಗೆ ಬಳಸುವ ಬೇಳೆ ಕಟ್ಟು, ಎರಡೂ ರುಚಿಯಾದ ತಿಳಿಗಳು. ಆದರೆ ಪ್ರೋಟೀನಿನ ಬಹುಭಾಗ ಪಾತ್ರೆಯಲ್ಲುಳಿದ ಬೇಳೆಯಲ್ಲಿಯೇ ಇರುತ್ತದೆ. ರಾಗಿ ಅಂಬಲಿ ಮತ್ತು ಅಕ್ಕಿ ಗಂಜಿಗಳು ಹೊಟ್ಟೆಗೆ ಹಗುರವೆನಿಸಿದರೂ ಅವುಗಳ ಹೂರಣ ಪಿಷ್ಟವೇ ಆದ್ದರಿಂದ ಈ ಎರಡು ವಾರಗಳ ಮಟ್ಟಿಗೆ ಅವನ್ನು ಬದಿಗಿಡಬೇಕಾಗುತ್ತದೆ. ಬದಲಾಗಿ ಕೆನೆ ತೆಗೆದ ಮಜ್ಜಿಗೆ, ನುಣ್ಣಗೆ ಕಡೆದ ಬೇಳೆಯ ಅಳತೆಯ ಬಟ್ಟಲು, ಸಕ್ಕರೆಯಿಲ್ಲದ ಹಾಲು, ಎಣ್ಣೆಯಿಲ್ಲದ ತರಕಾರಿ ಸೂಪು, ಮಾಂಸಾಹಾರಿಗಳಿಗೆ ಮೊಟ್ಟೆಯ ಬಿಳಿ ಅಥವಾ ಬೇಯಿಸಿದ ಕೋಳಿ, ಇವು ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ದೆಹಲಿಯ ಆಹಾರಪಟ್ಟಿಗಳಲ್ಲಿ ಬರುವ ಲೌಕಿ ಎಂದರೆ ಸೋರೆಕಾಯಿ, ತೋರಿ ಎಂದರೆ ಹೀರೆಕಾಯಿ, ಛಾಛ್ ಎಂದರೆ ಮಜ್ಜಿಗೆ ಎಂದು ತಿಳಿದರೆ, ಊರಿನಿಂದ ಆರೈಕೆಗೆ ಬಂದ ಹಿರಿಯರಿಗೂ ಆ ಪಟ್ಟಿ ಅಪರಿಚಿತವೆನಿಸದು.

ರಕ್ತದಲ್ಲಿ ಅಡಗಿರುವ ಕೊರತೆ

ದಪ್ಪಗಿರುವವರು ಚೆನ್ನಾಗಿ ಪೋಷಿತರಾಗಿರುತ್ತಾರೆಂಬ ನಂಬಿಕೆ ಪ್ರಯೋಗಾಲಯದ ವರದಿಯ ಮುಂದೆ ನಿಲ್ಲುವುದಿಲ್ಲ. ಮೈದಾ, ಎಣ್ಣೆ, ಸಕ್ಕರೆಗಳಿಂದ ಕ್ಯಾಲೊರಿ ಧಾರಾಳವಾಗಿ ಸಿಕ್ಕಿದರೂ ಕಬ್ಬಿಣಾಂಶ, ವಿಟಮಿನ್ ಡಿ, ವಿಟಮಿನ್ ಬಿ12, ಫೋಲೇಟ್‌ಗಳ ಕೊರತೆ ಬೊಜ್ಜಿರುವವರಲ್ಲಿ ಸಾಮಾನ್ಯ. ಬಿ12 ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ ಸಸ್ಯಾಹಾರಿಗಳಲ್ಲಿ ಅದರ ಕೊರತೆ ಹೆಚ್ಚು; ಬಿಸಿಲಿನ ನಾಡಾದರೂ ಮನೆ, ಕಚೇರಿ, ಮೆಟ್ರೊಗಳ ನಡುವೆ ದಿನ ಕಳೆಯುವ ನಗರವಾಸಿಗಳಿಗೆ ವಿಟಮಿನ್ ಡಿ ಸಾಕಾಗುವುದಿಲ್ಲ; ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಊಟ ಕೆಲವು ಚಮಚಗಳಿಗೆ ಇಳಿಯುತ್ತದೆ, ಬೈಪಾಸ್ ಆದವರಲ್ಲಿ ಕಬ್ಬಿಣಾಂಶ ಹೀರುವ ಕರುಳಿನ ಭಾಗವನ್ನೇ ಆಹಾರ ದಾಟಿ ಹೋಗುತ್ತದೆ. ಆದ್ದರಿಂದ ಮುಂಚೆಯೇ ಇದ್ದ ಕೊರತೆ ಆಮೇಲೆ ಹಲವು ಪಟ್ಟು ಬೆಳೆಯುತ್ತದೆ. ಈ ಕೊರತೆಗಳನ್ನು ತುಂಬಲು ಎರಡು ವಾರ ಸಾಲದಾದ್ದರಿಂದ, ರಕ್ತಪರೀಕ್ಷೆ ಮತ್ತು ಮಾತ್ರೆ ಅಥವಾ ಇಂಜೆಕ್ಷನ್ನುಗಳ ಚಿಕಿತ್ಸೆ ಒಂದೆರಡು ತಿಂಗಳ ಮೊದಲೇ ಶುರುವಾಗಬೇಕು.

ಔಷಧಿಗಳ ಮರುಹೊಂದಾಣಿಕೆ

ಪಥ್ಯ ಆರಂಭವಾದೊಡನೆ ರಕ್ತದ ಸಕ್ಕರೆ ಬೇಗ ಇಳಿಯುವುದರಿಂದ ಮಧುಮೇಹಿಗಳು ಹೆಚ್ಚು ಎಚ್ಚರದಿಂದಿರಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳಲ್ಲಿ ಬೇರೊಂದು ತೊಡಕಿದೆ: ಪಿಷ್ಟ ತೀರ ಕಡಿಮೆಯಾದಾಗ ಇವು ರಕ್ತದಲ್ಲಿ ಕೀಟೋನುಗಳೆಂಬ ಆಮ್ಲಗಳನ್ನು ಅತಿಯಾಗಿ ಶೇಖರಿಸಬಲ್ಲವು, ಸಕ್ಕರೆಯ ಮಟ್ಟ ಸಹಜವಾಗಿಯೇ ಕಾಣುವುದರಿಂದ ಈ ಅಪಾಯ ಗಮನಕ್ಕೆ ಬಾರದೆ ಹೋಗಬಹುದು. ಈ ವರ್ಗದ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲಾದರೂ ನಿಲ್ಲಿಸುವುದು ರೂಢಿ. ಪಥ್ಯದ ದಿನಗಳಿಂದಲೇ ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ರಕ್ತದೊತ್ತಡದ ಮಾತ್ರೆಗಳನ್ನೂ ಹೀಗೆಯೇ ಪುನಃ ಪರಿಶೀಲಿಸಬೇಕು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿಗಳಂಥ ವಾರಕ್ಕೊಮ್ಮೆಯ ತೂಕ ಇಳಿಸುವ ಇಂಜೆಕ್ಷನ್ನುಗಳು ಜಠರ ಬರಿದಾಗುವುದನ್ನು ನಿಧಾನಗೊಳಿಸುವುದರಿಂದ, ಅವನ್ನು ಪಡೆಯುತ್ತಿರುವ ವಿಷಯವನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಜಾರುವುದು ಪ್ರಾಣಾಪಾಯದ ಸಂಗತಿ. ಯಾವ ಔಷಧಿಯನ್ನೂ ರೋಗಿ ತಾನಾಗಿ ನಿಲ್ಲಿಸಲೂ ಬಾರದು, ಮುಂದುವರಿಸಲೂ ಬಾರದು.

ಹೊಸ ಜಠರಕ್ಕೆ ಹಳೆಯ ಬಾಯಿಯ ತಾಲೀಮು

ಶಸ್ತ್ರಚಿಕಿತ್ಸೆಯ ನಂತರ ಆಹಾರವು ತಿಳಿ ದ್ರವದಿಂದ ಆರಂಭವಾಗಿ, ಗಟ್ಟಿ ದ್ರವ, ನುಣ್ಣಗೆ ರುಬ್ಬಿದ ಆಹಾರ, ಮೆತ್ತನೆಯ ಆಹಾರ ಎಂಬ ಮೆಟ್ಟಿಲುಗಳನ್ನು ಏರಿ, ಸಾಮಾನ್ಯ ಊಟಕ್ಕೆ ಮರಳಲು ಕೆಲವು ವಾರಗಳೇ ಹಿಡಿಯುತ್ತವೆ. ಗುಟುಕು ಗುಟುಕಾಗಿ ಕುಡಿಯುವುದು, ತುತ್ತನ್ನು ನುಣ್ಣಗಾಗುವವರೆಗೆ ಅಗಿಯುವುದು, ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ತಟ್ಟೆಯಲ್ಲಿ ಮೊದಲು ಪ್ರೋಟೀನನ್ನು ತಿನ್ನುವುದು, ಇವೆಲ್ಲ ಆಗ ಅನಿವಾರ್ಯ. ಸಾರನ್ನವನ್ನು ಕಲಸಿ ಬೇಗ ಬೇಗ ಉಂಡು, ಕೊನೆಗೆ ಮಜ್ಜಿಗೆ ಸುರಿದುಕೊಂಡು ಏಳುವ ಅಭ್ಯಾಸವಿರುವವರಿಗೆ ಈ ಬದಲಾವಣೆ ನೋವಿನ ದಿನಗಳಲ್ಲಿ ಒಮ್ಮೆಗೇ ಬರುವುದಿಲ್ಲ. ಪಥ್ಯದ ಎರಡು ವಾರಗಳೇ ಅದರ ತಾಲೀಮಿಗೆ ತಕ್ಕ ಕಾಲ. ತಂಬಾಕನ್ನು ಹಲವು ವಾರಗಳ ಮೊದಲೇ ಬಿಡಬೇಕಾದುದು ಹೊಲಿಗೆ ಮಾಯುವ ದೃಷ್ಟಿಯಿಂದ ಅಗತ್ಯ. ಮದ್ಯವು ಕ್ಯಾಲೊರಿಯ ಜೊತೆಗೆ ಯಕೃತ್ತಿನ ಮೇಲೆಯೇ ಹೊರೆ ಹೇರುವುದರಿಂದ ಪಥ್ಯದಲ್ಲಿ ಅದಕ್ಕೆ ಎಡೆಯಿಲ್ಲ. ಕೊನೆಯ ದಿನ ಸಾಮಾನ್ಯವಾಗಿ ಗಟ್ಟಿ ಆಹಾರವನ್ನು ಅರಿವಳಿಕೆಗೆ ಆರು ಗಂಟೆ, ತಿಳಿ ದ್ರವವನ್ನು ಎರಡು ಗಂಟೆ ಮೊದಲು ನಿಲ್ಲಿಸುತ್ತಾರೆ. ಆಸ್ಪತ್ರೆ ಇದಕ್ಕಿಂತ ಹೆಚ್ಚಿನ ಅವಧಿ ಹೇಳಿದರೆ ಅದನ್ನೇ ಪಾಲಿಸಬೇಕು.

ಋತು, ಹಬ್ಬ ಮತ್ತು ಮನೆಮಂದಿ

ದೆಹಲಿಯಲ್ಲಿ ಪಥ್ಯದ ದಿನಗಳನ್ನು ಗೊತ್ತುಮಾಡುವಾಗ ಪಂಚಾಂಗವನ್ನೂ ಹವಾಮಾನವನ್ನೂ ನೋಡುವುದು ಒಳಿತು. ಮೇ, ಜೂನ್ ತಿಂಗಳ ಬಿಸಿಗಾಳಿಯಲ್ಲಿ ಉಷ್ಣತೆ 45 ಡಿಗ್ರಿಯ ಸಮೀಪಕ್ಕೆ ಏರುವಾಗ, ಪಥ್ಯದಿಂದ ಈಗಾಗಲೇ ನೀರನ್ನು ಕಳೆದುಕೊಳ್ಳುತ್ತಿರುವ ದೇಹ ಬೇಗ ಬಳಲುತ್ತದೆ. ತಲೆಸುತ್ತು, ಗಾಢ ಬಣ್ಣದ ಮೂತ್ರ ಕಂಡರೆ ನೀರು ಸಾಲದೆಂದು ಅರ್ಥ. ಚಳಿಗಾಲದಲ್ಲಿ ಮದುವೆಗಳ ಸಾಲು, ಗಾಜರ್ ಹಲ್ವಾ, ಚಾಂದನಿ ಚೌಕದ ಪರಾಠೆ, ಛೋಲೆ ಭಟೂರೆಗಳ ಸೆಳೆತ ಬಲವಾಗಿರುತ್ತದೆ. ನವರಾತ್ರಿಯ ವ್ರತದ ಆಹಾರವೆಂದು ತಿನ್ನುವ ಸಾಬೂದಾನ, ಆಲೂಗಡ್ಡೆ, ಕುಟ್ಟು ಹಿಟ್ಟಿನ ಪೂರಿಗಳು, ಏಕಾದಶಿಯ ಅವಲಕ್ಕಿಯಂತೆಯೇ, ವ್ರತಕ್ಕೆ ಸಲ್ಲುತ್ತವೆಯೇ ಹೊರತು ಈ ಪಥ್ಯಕ್ಕೆ ಸಲ್ಲುವುದಿಲ್ಲ.

ಇನ್ನು ಮುಂದೆ ತಿನ್ನಲಾಗದೆಂಬ ಭಯದಿಂದ ಪಥ್ಯಕ್ಕೆ ಮುಂಚಿನ ದಿನಗಳಲ್ಲಿ ಇಷ್ಟದ ತಿನಿಸುಗಳನ್ನೆಲ್ಲ ತಿಂದು ಮುಗಿಸುವ ಕೊನೆಯ ಔತಣದ ಪ್ರವೃತ್ತಿ ಎಲ್ಲ ದೇಶಗಳ ರೋಗಿಗಳಲ್ಲೂ ಕಂಡುಬರುತ್ತದೆ. ಪ್ರೀತಿಯಿಂದ ಒತ್ತಾಯಿಸಿ ಬಡಿಸುವ ನಮ್ಮ ಮನೆಗಳಲ್ಲಿ ಅದು ಇನ್ನೂ ಸುಲಭ. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಸಮಾರಂಭವಿರಲಿ, ನೆರೆಮನೆಯ ಸತ್ಯನಾರಾಯಣ ಪೂಜೆಯಿರಲಿ, ಒಂದು ತುತ್ತಿಗೆ ಏನಾಗುತ್ತದೆ ಎಂಬ ಮಾತನ್ನು ರೋಗಿ ಎದುರಿಸಬೇಕಾಗುತ್ತದೆ. ಸಂಜೆ ಎಲ್ಲರ ಮುಂದೆ ಬಿಸಿ ಪಕೋಡ ಇಟ್ಟು ಒಬ್ಬರಿಗೆ ಮಾತ್ರ ಸೂಪಿನ ಬಟ್ಟಲು ಕೊಟ್ಟರೆ ಎಂಥ ಸಂಕಲ್ಪವೂ ಸಡಿಲವಾಗುತ್ತದೆ. ಮನೆಯವರೂ ಆ ಎರಡು ವಾರ ಎಣ್ಣೆ, ಸಕ್ಕರೆಗಳನ್ನು ತಗ್ಗಿಸಿದರೆ ಪಥ್ಯ ಒಬ್ಬರ ಶಿಕ್ಷೆಯಾಗದೆ ಮನೆಯ ಕೆಲಸವಾಗುತ್ತದೆ. ಬೊಜ್ಜು ಸೋಮಾರಿತನದ ಫಲವಲ್ಲ. ಆನುವಂಶಿಕತೆ, ಹಾರ್ಮೋನು, ನಗರದ ಬದುಕು, ಅಗ್ಗದ ಕರಿದ ತಿನಿಸು ಎಲ್ಲ ಸೇರಿ ಉಂಟುಮಾಡುವ ಕಾಯಿಲೆ. ಅದರ ಚಿಕಿತ್ಸೆಗೆ ಮುಂದಾದವರಿಗೆ ಬೇಕಾದುದು ಉಪದೇಶಕ್ಕಿಂತ ಜೊತೆ.

ಈ ಲೇಖನದಲ್ಲಿರುವ ಯಾವ ಅಂಕಿಯೂ ಯಾವ ವ್ಯಕ್ತಿಯ ಆಹಾರಪಟ್ಟಿಗೂ ಬದಲಿಯಲ್ಲ. ಪ್ರತಿಯೊಬ್ಬರ ಪಥ್ಯವನ್ನು ಅವರ ಶಸ್ತ್ರವೈದ್ಯರು, ಮಧುಮೇಹ ತಜ್ಞರು ಮತ್ತು ಆಹಾರತಜ್ಞರು ಒಟ್ಟಿಗೆ ಕುಳಿತು ಬರೆಯಬೇಕು. ಪಥ್ಯ ತಪ್ಪಿದರೆ ಅದನ್ನು ಮುಚ್ಚಿಡದೆ ಹೇಳುವುದು ರೋಗಿಯ ಹೊಣೆ; ಬೈಯದೆ ಕೇಳಿ, ಅಗತ್ಯವಿದ್ದರೆ ದಿನಾಂಕವನ್ನು ಮುಂದೂಡುವುದು ವೈದ್ಯರ ಹೊಣೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಪ್ರತಿಯೊಂದು ಮನೆಯೂ ಆಸ್ಪತ್ರೆಯ ಚೀಲವನ್ನು ಸಿದ್ಧಮಾಡುವ ಮೊದಲು ಅಡುಗೆಮನೆಯನ್ನು ಸಿದ್ಧಮಾಡಿಕೊಳ್ಳಲಿ.